ಒಂದೇ ಹಾಡು, ಐದು ಬೆಲೆ: ನಾರ್ದರ್ನ್ ಸೋಲ್ ಪ್ಲೇಟುಗಳಲ್ಲಿ ಯಾವುದನ್ನು ಕೊಳ್ಳುವುದು?

ಫ್ರಾಂಕ್ ವಿಲ್ಸನ್ ಎಂಬಾತ 1965ರಲ್ಲಿ ಡೆಟ್ರಾಯ್ಟ್‌ನ ಮೋಟೌನ್ ಕಂಪನಿಗಾಗಿ ‘ಡು ಐ ಲವ್ ಯು’ ಎಂಬ ಹಾಡು ಹಾಡಿದ. ಬಿಡುಗಡೆ ನಿಂತುಹೋಯಿತು, ಅಚ್ಚಾದ ಗ್ರಾಮಫೋನ್ ಪ್ಲೇಟುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಅಂಥದೊಂದು ಪ್ರತಿ 2009ರಲ್ಲಿ 25,742 ಪೌಂಡಿಗೆ ಹೋಯಿತು. 2020ರಲ್ಲಿ ಒಂದು ಪ್ರತಿಗೆ ಲಕ್ಷ ಪೌಂಡ್ ಬಂತೆಂದು ಸುದ್ದಿಯಾಯಿತು. ಅದೇ ಹಾಡನ್ನು ಟ್ಯಾಮ್ಲಾ ಮೋಟೌನ್ ಲೇಬಲ್ (ಪ್ಲೇಟು ಹೊರತರುವ ಬ್ರಾಂಡು) 1979ರಲ್ಲಿ ಇಂಗ್ಲೆಂಡಿನಲ್ಲಿ ಅಧಿಕೃತವಾಗಿ ಹೊರತಂದಿತು. ಆ ಪ್ಲೇಟು ಈಗಲೂ ಹತ್ತಾರು ಪೌಂಡಿಗೆ ಸಿಗುತ್ತದೆ. ಅದಕ್ಕೂ ಮುಂಚೆ ಎಡ್ಡಿ ಫೋಸ್ಟರ್ ಎಂಬ ಬೇರೊಬ್ಬ ಗಾಯಕನ ಹೆಸರಿನಲ್ಲಿ ಅದರ ಕಳ್ಳ ಮುದ್ರಣ ಓಡಾಡಿತ್ತು. ಸಿಡಿ ಸಂಕಲನ ಕೊಂಡರೆ ಇನ್ನೂ ಇಪ್ಪತ್ತು ಹಾಡುಗಳ ಜೊತೆ ಬರುತ್ತದೆ. ಫೋನಿನಲ್ಲಿ ಕೇಳುವುದಾದರೆ ಖರ್ಚೇ ಇಲ್ಲ.

ಹಾಡು ಒಂದೇ, ದನಿ ಒಂದೇ, ಎರಡೂವರೆ ನಿಮಿಷದ ಕುಣಿತವೂ ಒಂದೇ. ಹಾಗಿದ್ದರೆ ಯಾವುದನ್ನು ಕೊಳ್ಳಬೇಕು? ಕೆಲಸಕ್ಕೆಂದು ಮ್ಯಾಂಚೆಸ್ಟರ್, ಲೀಡ್ಸ್ ಕಡೆ ಬಂದು, ಯಾರದೋ ಜೊತೆಗೆ ಇಂಥ ಹಳೆಯ ಅಮೆರಿಕನ್ ಹಾಡುಗಳಿಗೆ ಕುಣಿಯುವ ಒಂದು ಸೋಲ್ ನೈಟ್‌ಗೆ ಹೋಗಿ ಈ ಹುಚ್ಚು ಹತ್ತಿಸಿಕೊಂಡವರು ಕೇಳುವ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಕೂತು ಪ್ಲೇಟು ಕೊಳ್ಳುವ-ಮಾರುವ ಜಾಲತಾಣ ಡಿಸ್ಕಾಗ್ಸ್ ನೋಡುತ್ತ ತಲೆ ಕೆರೆದುಕೊಳ್ಳುವವರ ಪ್ರಶ್ನೆಯೂ ಇದೇ. ಉತ್ತರ ನಿಮ್ಮ ಜೇಬಿಗಿಂತ ಹೆಚ್ಚಾಗಿ ಆ ಪ್ಲೇಟಿನಿಂದ ನೀವು ಮಾಡಿಸಲಿರುವ ಕೆಲಸದ ಮೇಲೆ ನಿಂತಿದೆ ಎನ್ನುವುದು ನನ್ನ ಅಭಿಪ್ರಾಯ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. 1960ರ ದಶಕದಲ್ಲಿ ಡೆಟ್ರಾಯ್ಟ್, ಷಿಕಾಗೋ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್‌ಗಳಲ್ಲಿ ನೂರಾರು ಸಣ್ಣ ಕಂಪನಿಗಳು ಮೋಟೌನ್ ದಾರಿ ಹಿಡಿದು ಕಪ್ಪು ಗಾಯಕರ ಹಾಡುಗಳನ್ನು ಅಚ್ಚು ಹಾಕಿದವು. ಕೆಲವು ನೂರು ಪ್ರತಿ ತೆಗೆದು ಊರಿನ ರೇಡಿಯೋಗೆ ಕೊಡುವುದು, ಹಾಡು ಓಡದಿದ್ದರೆ ಉಳಿದದ್ದನ್ನು ಗೋದಾಮಿಗೆ ತುಂಬುವುದು. ಅಮೆರಿಕ ಮರೆತುಬಿಟ್ಟ ಈ ಹಾಡುಗಳನ್ನು ಎತ್ತಿಕೊಂಡು ಕುಣಿದವರು ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳ ಹುಡುಗ ಹುಡುಗಿಯರು. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ಅಂಗಡಿ ನಡೆಸುತ್ತಿದ್ದ ಡೇವ್ ಗಾಡಿನ್, ಫುಟ್‌ಬಾಲ್ ಪಂದ್ಯಕ್ಕೆಂದು ಉತ್ತರದಿಂದ ಬಂದವರು ಆಗಿನ ಹೊಸ ಫಂಕ್ ಸಂಗೀತ ಬಿಟ್ಟು ಹಳೆಯ ವೇಗದ ಹಾಡುಗಳನ್ನೇ ಕೇಳುವುದನ್ನು ಗಮನಿಸಿ ಅದಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟ; 1970ರಲ್ಲಿ ಪತ್ರಿಕೆಯ ತನ್ನ ಅಂಕಣದಲ್ಲೂ ಬಳಸಿದ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಸ್ಟೋಕ್-ಆನ್-ಟ್ರೆಂಟ್ ನಗರದ ಟನ್‌ಸ್ಟಾಲ್‌ನ ಗೋಲ್ಡನ್ ಟಾರ್ಚ್, ಬ್ಲ್ಯಾಕ್‌ಪೂಲ್ ಮೆಕ್ಕಾ, 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ನಡೆದ ವಿಗನ್ ಕ್ಯಾಸಿನೋ: ಈ ನಾಲ್ಕು ಕುಣಿತದ ಕ್ಲಬ್ಬುಗಳ ಹೆಸರು ಗೊತ್ತಿದ್ದರೆ ಮಾತುಕತೆಯಲ್ಲಿ ಕಳೆದುಹೋಗುವುದಿಲ್ಲ.

ಮೊದಲು ಅಳತೆಗೋಲು

ಕೊಳ್ಳುವ ಮುಂಚೆ ನಾನು ಪ್ರತಿಯೊಂದು ಪ್ಲೇಟಿಗೂ ಹಾಕುವ ಪ್ರಶ್ನೆಗಳಿವು. ಇದನ್ನು ಎಲ್ಲಿ ಹಾಕುತ್ತೇನೆ, ಮನೆಯಲ್ಲೋ ನಾಲ್ಕು ಜನರ ಮುಂದೋ? ಎಷ್ಟು ಸಲ ಸೂಜಿ ಇಟ್ಟರೆ ತಡೆಯುತ್ತದೆ? ಅಸಲಿಯೇ ಎಂದು ನಾನೇ ಪರೀಕ್ಷಿಸಬಲ್ಲೆನೇ? ಮುಂದೊಂದು ದಿನ ಮಾರಿದರೆ ಕೊಟ್ಟ ದುಡ್ಡಿನ ಹತ್ತಿರವಾದರೂ ಬರುತ್ತದೆಯೇ? ಕೊನೆಗೆ, ಈ ದುಡ್ಡಿನಲ್ಲಿ ಹಾಡಿದವರಿಗೆ, ಅವರ ಮನೆಯವರಿಗೆ ಏನಾದರೂ ಸೇರುತ್ತದೆಯೇ?

ಕೊನೆಯ ಪ್ರಶ್ನೆ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಲಕ್ಷ ಪೌಂಡ್ ಕೊಟ್ಟು ಅಸಲಿ ಪ್ಲೇಟು ಕೊಂಡರೂ ಗಾಯಕನಿಗೆ ಒಂದು ಪೆನ್ನಿ ಹೋಗುವುದಿಲ್ಲ. ಅದು ಹಳೆಯ ವಸ್ತುವಿನ ಮರುಮಾರಾಟ, ಅಷ್ಟೇ. ಲೈಸೆನ್ಸ್ ಪಡೆದು ಮಾಡಿದ ಹನ್ನೆರಡು ಪೌಂಡಿನ ಸಿಡಿಯಲ್ಲಾದರೆ ರಾಯಲ್ಟಿಗೆ ದಾರಿಯಿದೆ.

ಅಮೆರಿಕನ್ ಒರಿಜಿನಲ್

ನಾರ್ದರ್ನ್ ಸೋಲ್ ಲೋಕದಲ್ಲಿ ಮರ್ಯಾದೆ ಇರುವುದು ಇದಕ್ಕೆ. ಏಳಿಂಚಿನ, ನಿಮಿಷಕ್ಕೆ 45 ಸುತ್ತಿನ, ನಡುವೆ ದೊಡ್ಡ ತೂತಿರುವ ಅಮೆರಿಕನ್ ಪ್ಲೇಟು. ಒಳ್ಳೆಯ ಕ್ಲಬ್ಬುಗಳಲ್ಲಿ ‘ಓವಿಓ’ (ಒರಿಜಿನಲ್ ವಿನೈಲ್ ಓನ್ಲಿ), ಎಂದರೆ ಅಸಲಿ ವಿನೈಲ್ ಮಾತ್ರ ಎಂಬ ನಿಯಮ. ಡಿಜೆ ಮರುಮುದ್ರಣ ಹಾಕಿದರೆ ಹಿಂದಿನ ಸಾಲಿನಲ್ಲಿ ನಿಂತವರಿಗೆ ಲೇಬಲ್ಲಿನ ಬಣ್ಣದಿಂದಲೇ ಗೊತ್ತಾಗಿಬಿಡುತ್ತದೆ. ಈ ನಿಯಮ ಅತಿಯೆನಿಸಬಹುದು. ಆದರೆ ಇಡೀ ಪ್ರಪಂಚ ಬೆಳೆದದ್ದೇ ಬೇರೆ ಯಾರ ಬಳಿಯೂ ಇಲ್ಲದ ಪ್ಲೇಟನ್ನು ಹುಡುಕಿ ತರುವ ಪೈಪೋಟಿಯಿಂದ. ಎದುರಾಳಿ ಡಿಜೆಗೆ ಹಾಡಿನ ಹೆಸರು ತಿಳಿಯಬಾರದೆಂದು ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಇಲ್ಲದ ಗಾಯಕನ ಹೆಸರು ಹೇಳುವ ‘ಕವರ್-ಅಪ್’ ಪದ್ಧತಿ ಬಂದದ್ದೂ ಹಾಗೆಯೇ. ಕಳ್ಳ ಮುದ್ರಣದವರಿಂದ ಹಾಡನ್ನು ಕಾಪಾಡಿಕೊಳ್ಳುವ ಉಪಾಯವೂ ಅದಾಗಿತ್ತು.

ಒರಿಜಿನಲ್ ಎಂದರೆ ದುಬಾರಿ ಎಂದೇ ಹೊಸಬರು ಹೆದರುತ್ತಾರೆ. ಇಲ್ಲೊಂದು ಗುಟ್ಟಿದೆ: ಅಮೆರಿಕದಲ್ಲಿ ಹಿಟ್ ಆದ ಹಾಡುಗಳ ಪ್ಲೇಟುಗಳು ರಾಶಿ ರಾಶಿ ಉಳಿದಿವೆ. ಎಡ್ವಿನ್ ಸ್ಟಾರ್ ರಿಕ್-ಟಿಕ್ ಲೇಬಲ್ಲಿಗೆ 1965ರಲ್ಲಿ ಹಾಡಿದ ‘ಏಜೆಂಟ್ ಡಬಲ್-ಓ ಸೋಲ್’, ಓಕೇ ಲೇಬಲ್ಲಿನ ಮೇಜರ್ ಲಾನ್ಸ್ ಹಾಡುಗಳು, 1966ರಲ್ಲಿ ರೆವಿಲಾಟ್ ಲೇಬಲ್ಲಿನಲ್ಲಿ ಬಂದ ಡ್ಯಾರೆಲ್ ಬ್ಯಾಂಕ್ಸ್‌ನ ‘ಓಪನ್ ದ ಡೋರ್ ಟು ಯುವರ್ ಹಾರ್ಟ್’: ಇವೆಲ್ಲ ಕುಣಿತದ ಅಂಕಣ ತುಂಬಿಸುವ ಹಾಡುಗಳೇ, ಆದರೂ ಒಂದು ರೆಸ್ಟೋರೆಂಟ್ ಊಟದ ಬೆಲೆಯೊಳಗೆ ಚೆನ್ನಾಗಿರುವ ಪ್ರತಿ ಸಿಗುತ್ತದೆ. ಬೆಲೆ ಏರಿಸುವುದು ಹಾಡಿನ ಗುಣವಲ್ಲ, ಅಂದು ಆ ಹಾಡು ಕಂಡ ಸೋಲು. ಯಾರೂ ಕೊಳ್ಳದ್ದರಿಂದಲೇ ಇಂದು ಅದು ಅಪರೂಪ. ಹತ್ತು ಹನ್ನೆರಡು ಅಗ್ಗದ ಒರಿಜಿನಲ್‌ಗಳಿಂದ ಶುರು ಮಾಡಿದವರು ದಾರಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಎಚ್ಚರ ಬೇಕಾದದ್ದು ಎರಡು ಕಡೆ. ಒಂದು, ಪ್ಲೇಟಿನ ವಸ್ತು. ಅಮೆರಿಕನ್ 45ಗಳೆಲ್ಲ ವಿನೈಲ್ ಅಲ್ಲ. ಬಹಳಷ್ಟು ಸ್ಟೈರೀನ್ ಎಂಬ ಗಡುಸು ಪ್ಲಾಸ್ಟಿಕ್. ಲೇಬಲ್ಲು ಮೇಲೆ ಅಂಟಿಸಿದಂತೆ ಕಾಣುತ್ತದೆ, ಉಗುರಿನಿಂದ ತಟ್ಟಿದರೆ ಗಟ್ಟಿಯಾಗಿ ಟಕ್ಕೆನ್ನುತ್ತದೆ. ಸವೆದ ಸೂಜಿ ಅಥವಾ ಹೆಚ್ಚು ಭಾರ ಬಿದ್ದರೆ ಸ್ಟೈರೀನ್ ಬೇಗ ಹಾಳು. ಡಿಜೆಗಳು ಹಾಡಿನ ಆರಂಭ ಹುಡುಕಲು ಪ್ಲೇಟನ್ನು ಹಿಂದೆ ಮುಂದೆ ತಿರುಗಿಸುತ್ತಾರಲ್ಲ, ಅದರಿಂದ ಮೊದಲ ಕೆಲವು ಸೆಕೆಂಡು ಕೊರ್ರೆನ್ನುವ ಪ್ರತಿಗಳು ಬೇಕಾದಷ್ಟಿವೆ. ಕಣ್ಣಿಗೆ ಕನ್ನಡಿಯಂತೆ ಹೊಳೆಯುವ ಸ್ಟೈರೀನ್ ಕಿವಿಗೆ ಮರಳಿನಂತೆ ಕೇಳಿಸಬಹುದು. ಆದ್ದರಿಂದ ಮಾರುವವರು ಫೋಟೋ ಕಳಿಸಿದರೆ ಸಾಲದು, ಹಾಡಿನ ಆರಂಭದ ಧ್ವನಿಯ ತುಣುಕು ಕೇಳಿ ಪಡೆಯಬೇಕು.

ಎರಡು, ಗ್ರೇಡಿಂಗ್, ಎಂದರೆ ಪ್ಲೇಟಿನ ಸ್ಥಿತಿಗೆ ಮಾರುವವರು ಕೊಡುವ ದರ್ಜೆ. ಅಮೆರಿಕದವರ ‘ವಿಜಿ ಪ್ಲಸ್’ ಹೆಚ್ಚುಕಡಿಮೆ ಇಂಗ್ಲೆಂಡಿನವರ ‘ಎಕ್ಸಲೆಂಟ್’. ಬರೀ ‘ವಿಜಿ’ (ವೆರಿ ಗುಡ್) ಎಂದಿದ್ದರೆ ಅಕ್ಷರಶಃ ತುಂಬ ಒಳ್ಳೆಯದು ಎಂದು ನಂಬಬೇಡಿ. ಹಾಡಿನುದ್ದಕ್ಕೂ ಚಟಪಟ ಇರುತ್ತದೆ. ಕುಣಿತದ ಗದ್ದಲದಲ್ಲಿ ಅದು ಮುಚ್ಚಿಹೋಗಬಹುದು, ಮನೆಯ ಮೌನದಲ್ಲಿ ಹೋಗದು. ಲೇಬಲ್ಲಿನ ಮೂಲಕ ಕೊರೆದ ಸಣ್ಣ ತೂತು ಇದ್ದರೆ ಗಾಬರಿ ಬೇಡ. ಮಾರಾಟವಾಗದೆ ಅಗ್ಗಕ್ಕೆ ಬಿಸಾಕಿದ ಸರಕಿನ ಗುರುತು ಅದು. ಹಾಡಿಗೆ ಏನೂ ಆಗುವುದಿಲ್ಲ, ಬೆಲೆ ಮಾತ್ರ ಸ್ವಲ್ಪ ಇಳಿಯುತ್ತದೆ. ಬಿಗಿ ಜೇಬಿನವರು ಇಂಥವನ್ನೇ ಹುಡುಕುವುದು ಜಾಣತನ.

ಬ್ರಿಟಿಷ್ ಬಿಡುಗಡೆ ಮತ್ತು ಡೆಮೊ

ಅದೇ ಹಾಡುಗಳಲ್ಲಿ ಕೆಲವನ್ನು ಆ ಕಾಲದಲ್ಲೇ ಇಂಗ್ಲೆಂಡಿನ ಕಂಪನಿಗಳು ಸ್ಟೇಟ್‌ಸೈಡ್, ಲಂಡನ್ ಅಮೆರಿಕನ್, ಟ್ಯಾಮ್ಲಾ ಮೋಟೌನ್ ಮುಂತಾದ ಲೇಬಲ್ಲುಗಳಲ್ಲಿ ಅಚ್ಚು ಹಾಕಿದವು. ಸಾಮಾನ್ಯವಾಗಿ ಒಳ್ಳೆಯ ವಿನೈಲ್, ಸದ್ದು ಸ್ವಚ್ಛ, ನಡುವಿನ ತೂತು ಚಿಕ್ಕದು. ಕೇಳುಗನ ದೃಷ್ಟಿಯಿಂದ ಬಹಳ ಸಲ ಅಮೆರಿಕನ್ ಪ್ರತಿಗಿಂತ ಇದೇ ಮೇಲು.

ಬೆಲೆಯ ಲೆಕ್ಕ ಮಾತ್ರ ವಿಚಿತ್ರ. ಮೇಲೆ ಹೇಳಿದ ಡ್ಯಾರೆಲ್ ಬ್ಯಾಂಕ್ಸ್ ಹಾಡನ್ನೇ ನೋಡಿ. ಅಮೆರಿಕದಲ್ಲಿ ದೊಡ್ಡ ಹಿಟ್, ಹಾಗಾಗಿ ಅಗ್ಗ. ಇಂಗ್ಲೆಂಡಿನಲ್ಲಿ ಮೊದಲು ಲಂಡನ್ ಲೇಬಲ್ ಅಚ್ಚು ಹಾಕಿ ಹಕ್ಕಿನ ತಕರಾರಿನಿಂದ ಹಿಂತೆಗೆದುಕೊಂಡಿತು, ಹಾಡು ಸ್ಟೇಟ್‌ಸೈಡ್‌ನಲ್ಲಿ ಹೊರಬಂತು. ಆ ಲಂಡನ್ ಪ್ರತಿಯೊಂದು ಹರಾಜಿನಲ್ಲಿ 14,000 ಪೌಂಡಿಗೂ ಮೇಲೆ ಹೋಯಿತು. ಸ್ಟೇಟ್‌ಸೈಡ್ ಪ್ರತಿಗೆ ಅದರ ನೂರರಲ್ಲೊಂದು ಪಾಲೂ ಬೇಡ. ಮೂರರಲ್ಲೂ ಕೇಳುವುದು ಅದೇ ಡ್ಯಾರೆಲ್ ಬ್ಯಾಂಕ್ಸ್.

ರೇಡಿಯೋಗೆ, ಪತ್ರಿಕೆಗಳಿಗೆ ಕಳಿಸಿದ ಡೆಮೊ ಪ್ರತಿಗಳ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. ಲೇಬಲ್ ಮೇಲೆ ದೊಡ್ಡದಾಗಿ ‘ಎ’ ಅಕ್ಷರ ಬರೆದ ಬ್ರಿಟಿಷ್ ಡೆಮೊಗಳನ್ನಷ್ಟೇ ಕೂಡಿಡುವವರಿದ್ದಾರೆ. ಅವರದು ಅಂಚೆಚೀಟಿ ಸಂಗ್ರಹಿಸುವವರ ಮನಸ್ಸು. ತಪ್ಪೇನಿಲ್ಲ, ಆದರೆ ಅದಕ್ಕೂ ಕುಣಿತಕ್ಕೂ ಸಂಬಂಧ ಕಡಿಮೆ. ಡಿಜೆ ಆಗುವ ಆಸೆಯಿದ್ದರೆ ಬ್ರಿಟಿಷ್ ಪ್ರತಿಗೆ ಸುರಿಯುವ ದುಡ್ಡಿನಲ್ಲಿ ಬೇರೆ ಹತ್ತು ಹಾಡು ಬರುತ್ತವೆ. ಒಂದು ಲೇಬಲ್ಲನ್ನು ಕ್ರಮಸಂಖ್ಯೆ ಹಿಡಿದು ಪೂರ್ತಿ ಮಾಡುವ ಛಲ ನಿಮ್ಮಲ್ಲಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಅಧಿಕೃತ ಮರುಮುದ್ರಣ

ಮರುಮುದ್ರಣ ಎಂದರೆ ಎರಡನೇ ದರ್ಜೆ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಏಸ್ ಸಂಸ್ಥೆಯ ಕೆಂಟ್ ಲೇಬಲ್ 1982ರಲ್ಲಿ ಶುರುವಾದಾಗಿನಿಂದ ಮಾಡಿದ ಕೆಲಸ ನೋಡಿದರೆ ಸಾಕು. ಲಂಡನ್ನಿನ 100 ಕ್ಲಬ್ಬಿನಲ್ಲಿ ರಾತ್ರಿಯಿಡೀ ಕುಣಿಯುವ ಆಲ್‌ನೈಟರ್‌ಗಳನ್ನು ನಡೆಸುವ ಏಡಿ ಕ್ರೋಸ್‌ಡೆಲ್ ಅಮೆರಿಕನ್ ಕಂಪನಿಗಳ ಟೇಪು ಉಗ್ರಾಣಗಳನ್ನು ಜಾಲಾಡಿ, 60ರ ದಶಕದಲ್ಲಿ ಧ್ವನಿಮುದ್ರಿಸಿ ಎಂದೂ ಬಿಡುಗಡೆಯಾಗದ ಹಾಡುಗಳನ್ನು ಹೊರತೆಗೆದ. ಮೆಲ್ಬಾ ಮೂರ್‌ಳ ‘ದ ಮ್ಯಾಜಿಕ್ ಟಚ್’ ಹಾಗೆ 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸಲ ಪ್ಲೇಟಾಯಿತು. ಇಂಥ ಹಾಡಿಗೆ 60ರ ಒರಿಜಿನಲ್ ಎಂಬುದೇ ಇಲ್ಲ. ಆ ‘ಹೊಸ’ ಪ್ಲೇಟೇ ಅಸಲಿ. 100 ಕ್ಲಬ್ಬಿನ ವಾರ್ಷಿಕೋತ್ಸವದ ರಾತ್ರಿ ಬಂದವರಿಗೆಂದೇ ಅಚ್ಚು ಹಾಕುವ ಸಿಂಗಲ್‌ಗಳನ್ನು ಜನ ಈಗ ಹುಡುಕಿಕೊಂಡು ಹೋಗುತ್ತಾರೆ.

ಇನ್ನುಳಿದ ಮರುಮುದ್ರಣಗಳಲ್ಲಿ ಗುಣಮಟ್ಟ ಏರುಪೇರು. ಮೂಲ ಟೇಪಿನಿಂದ ಮಾಡಿದ್ದು ಒರಿಜಿನಲ್‌ಗಿಂತ ಚೆನ್ನಾಗಿ ಕೇಳಿಸಬಹುದು. ಹಳೆಯ ಪ್ಲೇಟಿನಿಂದಲೇ ಎತ್ತಿದ್ದು ಮಂಕಾಗಿರುತ್ತದೆ. ಯುರೋಪಿನಲ್ಲಿ 1963ಕ್ಕೆ ಮೊದಲು ಪ್ರಕಟವಾದ ಧ್ವನಿಮುದ್ರಣಗಳ ಹಕ್ಕಿನ ಅವಧಿ ಮುಗಿದಿದೆ. ಆದ್ದರಿಂದ ಆ ಕಾಲದ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿ ಕಾನೂನುಬದ್ಧವಾಗಿ ಮಾರುತ್ತಾರೆ. ಕಾನೂನುಬದ್ಧ ಎಂದಮಾತ್ರಕ್ಕೆ ಗಾಯಕನಿಗೆ ದುಡ್ಡು ಹೋಯಿತೆಂದಲ್ಲ. ಕವರಿನ ಮೇಲೆ ಯಾರಿಂದ ಲೈಸೆನ್ಸ್ ಪಡೆದದ್ದೆಂದು ಬರೆದಿದೆಯೇ ನೋಡಿ.

ಹತ್ತು ಹದಿನೈದು ಪೌಂಡಿಗೆ ಚೊಕ್ಕ ಪ್ಲೇಟು, ಮನೆಯಲ್ಲಿ ಎಷ್ಟು ಸಲ ಬೇಕಾದರೂ ಹಾಕಬಹುದು, ಮಕ್ಕಳು ಗೀಚಿದರೂ ಎದೆ ಒಡೆಯುವುದಿಲ್ಲ. ಓವಿಓ ರಾತ್ರಿಯಲ್ಲಿ ಡಿಜೆ ಮೇಜಿಗೆ ಒಯ್ಯುವಂತಿಲ್ಲ ಅನ್ನುವುದೊಂದೇ ಕೊರತೆ. ನೀವು ಡಿಜೆ ಅಲ್ಲದಿದ್ದರೆ ಅದು ಕೊರತೆಯೇ ಅಲ್ಲ.

ಕಳ್ಳ ಮುದ್ರಣ

ಇದರ ಬಗ್ಗೆ ನನ್ನ ಮಾತು ಚಿಕ್ಕದು: ಬೇಡ. 1970ರ ದಶಕದಲ್ಲಿ ವಿಗನ್‌ನಲ್ಲಿ ಒಂದು ಹಾಡು ಎದ್ದ ಕೆಲವೇ ವಾರದಲ್ಲಿ ಅದರ ಕಳ್ಳ ಪ್ರತಿ ಮಾರಾಟಕ್ಕೆ ಬರುತ್ತಿತ್ತು. ಹದಿಹರೆಯದವರ ಕೈಗೆ ಹಾಡು ಸಿಕ್ಕಿದ್ದು ಹಾಗೆಯೇ ಎಂಬುದು ನಿಜ. ಈಗ ಅರವತ್ತು ದಾಟಿದ ಅವರು ಆ ಪ್ಲೇಟುಗಳನ್ನೇ ನೆನಪಿಗೆಂದು ಇಟ್ಟುಕೊಂಡಿದ್ದಾರೆ. ಅವರ ನೆನಪು ಅವರದು. ನೀವು ಇಂದು ಹೊಸದಾಗಿ ಕೊಳ್ಳಲು ಕಾರಣವಿಲ್ಲ: ಸದ್ದು ಕಳಪೆ, ಹಾಡಿದವರಿಗೆ ಏನೂ ಇಲ್ಲ, ಮರುಮಾರಾಟದಲ್ಲಿ ತಲೆ ತಗ್ಗಿಸಬೇಕು.

ನಿಜವಾದ ಅಪಾಯ ಕಳ್ಳ ಪ್ರತಿಯನ್ನು ಒರಿಜಿನಲ್ ಬೆಲೆಗೆ ಕೊಳ್ಳುವುದು. ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ, ಎಂದರೆ ಅಚ್ಚಿನ ಗುರುತಿನ ಸಂಖ್ಯೆ ಇರುತ್ತದೆ. ಬಹಳಷ್ಟು ಒರಿಜಿನಲ್‌ಗಳಲ್ಲಿ ಅದು ಯಂತ್ರದಿಂದ ಒತ್ತಿದ್ದು. ಬೆಲ್ ಸೌಂಡ್, ನ್ಯಾಶ್‌ವಿಲ್ ಮ್ಯಾಟ್ರಿಕ್ಸ್ ಎಂಬ ಮುದ್ರೆಗಳಿರಬಹುದು, ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯದಾದರೆ ತ್ರಿಕೋನದ ಗುರುತಿನ ಪಕ್ಕದಲ್ಲಿ ಒಂದು ಸಂಖ್ಯೆ. ಕಳ್ಳ ಪ್ರತಿಯಲ್ಲಿ ಅದನ್ನು ಕೈಯಲ್ಲಿ ಗೀಚಿರುವುದೇ ಹೆಚ್ಚು. ಆದರೆ ಕೈಯಲ್ಲಿ ಗೀಚಿದ ಒರಿಜಿನಲ್‌ಗಳೂ ಇವೆ, ಹಾಗಾಗಿ ಇದೊಂದನ್ನೇ ನೆಚ್ಚಬಾರದು. ಲೇಬಲ್ಲಿನ ಬಣ್ಣ ಮಾಸಿದಂತಿದೆಯೇ, ಅಕ್ಷರದ ಅಂಚು ಕಲಸಿದೆಯೇ, ಸ್ಟೈರೀನ್ ಆಗಿರಬೇಕಾದದ್ದು ವಿನೈಲ್ ಆಗಿದೆಯೇ, ಎಲ್ಲವನ್ನೂ ಡಿಸ್ಕಾಗ್ಸ್‌ನಲ್ಲಿರುವ ಅಸಲಿಯ ಚಿತ್ರದೊಂದಿಗೆ ಹೋಲಿಸಿ. ನೂರು ಪೌಂಡ್ ಮೀರಿದ ಯಾವ ಪ್ಲೇಟನ್ನೂ ವಾಪಸ್ ಪಡೆಯುವ ಭರವಸೆ ಕೊಡದವರಿಂದ ಕೊಳ್ಳಬೇಡಿ.

ಇದೇ ಸಾಲಿನಲ್ಲಿ ‘ಕಾರ್ವರ್’ ಎಂಬ ಇನ್ನೊಂದಿದೆ: ಡಿಜೆ ತನಗೆ ಬೇಕಾದ ಹಾಡನ್ನು ಒಂದೇ ಪ್ರತಿಯಾಗಿ ಕೊರೆಸಿಕೊಂಡ ಪ್ಲೇಟು. ಹಿಂದೆ ಹೀಗೆ ಕೊರೆಸುತ್ತಿದ್ದ ಅಸಿಟೇಟ್ ಪ್ಲೇಟುಗಳು ಕೆಲವು ಡಜನ್ ಸಲ ಹಾಕುವಷ್ಟರಲ್ಲಿ ಸವೆಯುತ್ತಿದ್ದವು. ಹೊಸಬರು ಇದರ ಗೊಡವೆಗೆ ಹೋಗಬೇಕಿಲ್ಲ.

ಸಿಡಿ ಮತ್ತು ಸ್ಟ್ರೀಮಿಂಗ್

ಕಿವಿ ತಯಾರಾಗುವವರೆಗೆ ಸ್ಟ್ರೀಮಿಂಗ್ ಸಾಕು. ಆಮೇಲೆ ಕೆಂಟ್‌ನ ಸಿಡಿಗಳು. ಒಳಗಿನ ಪುಸ್ತಿಕೆಯಲ್ಲಿ ಯಾವ ಹಾಡು ಯಾವ ಊರಿನದು, ಯಾರು ತಾಳ ಹಾಕಿದರು, ಯಾವ ಲೇಬಲ್ ಎಂದು ಬರೆದಿರುತ್ತಾರೆ; ಮುಂದೆ ನೀವು ಪೆಟ್ಟಿಗೆಯಲ್ಲಿ ಪ್ಲೇಟು ಹುಡುಕುವಾಗ ನೆರವಾಗುವುದು ಆ ಓದು. ಮರುಮಾರಾಟದ ಬೆಲೆ ಇಲ್ಲವೆಂದೇ ಹೇಳಬೇಕು, ಬಳಸಿದ ಸಿಡಿಗಳಂತೂ ಚಹಾದ ಬೆಲೆಗೆ ಬರುತ್ತವೆ.

ಯಾವ ಬಗೆಯ ಸದ್ದು?

ಯಾವ ಪ್ಲೇಟು ಎಂಬುದರಷ್ಟೇ ಯಾವ ಕಾಲದ ಸದ್ದು ಎಂಬುದೂ ಖರ್ಚನ್ನು ನಿರ್ಧರಿಸುತ್ತದೆ. ವಿಗನ್‌ನವರು ಹಿಡಿದದ್ದು 60ರ ದಶಕದ ವೇಗದ, ನೆಲ ತುಳಿಯುವ ತಾಳ. ಬ್ಲ್ಯಾಕ್‌ಪೂಲ್ ಮೆಕ್ಕಾದಲ್ಲಿ ಇಯಾನ್ ಲೆವೀನ್, ಕಾಲಿನ್ ಕರ್ಟಿಸ್ ಇಬ್ಬರೂ 70ರ ದಶಕದ ಹೊಸ, ನಯವಾದ ಹಾಡುಗಳನ್ನು ತಂದರು. ಅದಕ್ಕೆ ಸಿಟ್ಟಾದವರು ‘ಲೆವೀನ್ ತೊಲಗಲಿ’ ಎಂದು ಬ್ಯಾನರ್ ಹಿಡಿದದ್ದೂ ಉಂಟು. ಆ ಜಗಳದ ಗುರುತು ಇಂದಿಗೂ ಉಳಿದಿದೆ: ‘ಓಲ್ಡೀಸ್’ ರಾತ್ರಿಗಳು ಒಂದು ಕಡೆ, ‘ರೇರ್’, ‘ಕ್ರಾಸ್‌ಓವರ್’, ‘ಮಾಡರ್ನ್’ ಎಂದು ಬೋರ್ಡು ಹಾಕುವ ಕೋಣೆಗಳು ಇನ್ನೊಂದು ಕಡೆ.

ಓಲ್ಡೀಸ್ ಎಲ್ಲರಿಗೂ ಗೊತ್ತು, ಹಾಗಾಗಿ ಪೈಪೋಟಿ ಜಾಸ್ತಿ. 60ರ ದಶಕದ ಕೊನೆ, 70ರ ಆರಂಭದ ಮಧ್ಯಮ ವೇಗದ ಕ್ರಾಸ್‌ಓವರ್ ಹಾಡುಗಳಲ್ಲಿ ಇನ್ನೂ ಹೆಸರಾಗದ ಒಳ್ಳೆಯ ಪ್ಲೇಟುಗಳು ಕಡಿಮೆ ಬೆಲೆಗೆ ಸಿಗುವ ಸಂಭವ ಹೆಚ್ಚು. ನನಗೇನೋ ಅವೇ ಇಷ್ಟ. ನಲವತ್ತು ದಾಟಿದ ಮಂಡಿಗೂ ಆ ವೇಗವೇ ಹಿತ.

ಎಲ್ಲಿ ಕುಣಿಯುವುದು?

ಪ್ಲೇಟು ಕೊಳ್ಳುವ ಮೊದಲು ಒಂದು ಸಲವಾದರೂ ಅಂಕಣದ ಮೇಲೆ ಆ ಹಾಡುಗಳನ್ನು ಕೇಳಿ. ಕುಣಿತದ ಕೂಟಗಳಲ್ಲಿ ಮೂರು ಬಗೆ ಇವೆ. ಊರಿನ ಸೋಲ್ ನೈಟ್ ಸಂಜೆ ಶುರುವಾಗಿ ನಡುರಾತ್ರಿ ಮುಗಿಯುತ್ತದೆ, ಸಾಮಾನ್ಯವಾಗಿ ಕೆಲಸಗಾರರ ಕ್ಲಬ್ಬಿನಲ್ಲೋ ಸಮುದಾಯ ಭವನದಲ್ಲೋ. ಪ್ರವೇಶ ಅಗ್ಗ, ಹಾಡುಗಳು ಪರಿಚಿತ, ಹೊಸಬರನ್ನು ಮಾತಾಡಿಸುವವರು ಸಿಗುತ್ತಾರೆ. ಮಕ್ಕಳೊಂದಿಗರಿಗೆ ಇದೇ ಸರಿ.

ಆಲ್‌ನೈಟರ್ ಬೆಳಗಿನವರೆಗೆ. ಊರಲ್ಲಿ ಬಯಲಾಟ ನೋಡುತ್ತ ಬೆಳಕು ಹರಿಸಿದವರಿಗೆ ಆ ಜಾಗರಣೆಯ ರುಚಿ ಗೊತ್ತಿರುತ್ತದೆ. ವಿಗನ್ ಕ್ಯಾಸಿನೋಗೆ ಮದ್ಯದ ಲೈಸೆನ್ಸೇ ಇರಲಿಲ್ಲ. ರಾತ್ರಿ ಎಷ್ಟೋ ಹೊತ್ತಿಗೆ ಬಾಗಿಲು ತೆರೆದು ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತಿತ್ತು, ಕೊನೆಗೆ ಪ್ರತಿಸಲವೂ ಅದೇ ಮೂರು ಹಾಡು: ಟೋಬಿ ಲೆಜೆಂಡ್, ಜಿಮ್ಮಿ ರ‍್ಯಾಡ್‌ಕ್ಲಿಫ್, ಡೀನ್ ಪ್ಯಾರಿಶ್ ಹಾಡಿದವು. ಆ ಕಾಲದ ಆಲ್‌ನೈಟರ್‌ಗಳಲ್ಲಿ ಎಚ್ಚರವಿರಲು ಮಾತ್ರೆ ನುಂಗುವ ಚಟ ವ್ಯಾಪಕವಾಗಿತ್ತು, ಪೊಲೀಸ್ ದಾಳಿಗಳೂ ನಡೆದವು. ಆ ಮುಖವನ್ನು ಮುಚ್ಚಿಟ್ಟು ಬರೀ ಹಾಡಿನ ಗುಣಗಾನ ಮಾಡುವವರ ಮಾತು ಅರ್ಧ ಸತ್ಯ. ಇವತ್ತು ಸ್ಟೋಕ್‌ನ ಕಿಂಗ್ಸ್ ಹಾಲ್ ವಿಶಾಲವಾದ ಅಂಕಣಕ್ಕೆ ಹೆಸರುವಾಸಿ. ಲಂಡನ್ ಆಕ್ಸ್‌ಫರ್ಡ್ ಸ್ಟ್ರೀಟಿನ ನೆಲಮಾಳಿಗೆಯ 100 ಕ್ಲಬ್ ಇಕ್ಕಟ್ಟು, ಆದರೆ ಅಪರೂಪದ ಪ್ಲೇಟು ಕೇಳಬೇಕೆಂದರೆ ಅಲ್ಲಿಗೇ ಹೋಗಬೇಕು. ಕುಣಿಯಲು ಸ್ಟೋಕ್, ಕಿವಿಗೆ ಲಂಡನ್ ಎನ್ನಬಹುದು.

ಮೂರನೆಯದು ವೀಕೆಂಡರ್: ಬ್ಲ್ಯಾಕ್‌ಪೂಲ್‌ನಂಥ ಕಡಲೂರಿನಲ್ಲಿ ಎರಡು ಮೂರು ದಿನ, ಹಲವು ಕೋಣೆ, ಪ್ಲೇಟು ಮಾರುವವರ ಸಾಲು ಸಾಲು ಮೇಜು. ಟಿಕೆಟ್ಟು, ವಸತಿ ಸೇರಿ ಖರ್ಚು ಜಾಸ್ತಿ. ಆದರೆ ಪ್ಲೇಟನ್ನು ಕೈಯಲ್ಲಿ ಹಿಡಿದು, ಕೇಳಿ, ಚೌಕಾಸಿ ಮಾಡಿ ಕೊಳ್ಳುವ ಅವಕಾಶ ಆನ್‌ಲೈನ್‌ನಲ್ಲಿ ಸಿಗದು. ಸಂಗ್ರಹಕಾರರಿಗೆ ಈ ಖರ್ಚು ಒಗ್ಗುತ್ತದೆ, ಬರೀ ಕುಣಿಯುವವರಿಗೆ ಅಷ್ಟಾಗಿ ಅಲ್ಲ.

ಚರ್ಮದ ಅಡಿಯ ಬೂಟು ಒಂದು ಜೊತೆ ಇರಲಿ. ರಬ್ಬರ್ ಅಡಿಯಲ್ಲಿ ಗಿರಕಿ ಹೊಡೆದರೆ ಪಾದ ನೆಲ ಕಚ್ಚಿ ಮಂಡಿ ತಿರುಗುತ್ತದೆ. ನೆಲಕ್ಕೆ ಟಾಲ್ಕಂ ಪೌಡರ್ ಉದುರಿಸುವ ಹಳೆಯ ರೂಢಿಗೆ ಈಗ ಎಲ್ಲ ಕಡೆ ಅನುಮತಿಯಿಲ್ಲ, ಕೇಳಿಕೊಂಡು ಮಾಡಿ. ಕೈಯಲ್ಲಿ ಗ್ಲಾಸು ಹಿಡಿದು ಅಂಕಣದ ನಡುವೆ ಹಾಯುವುದು ಮಹಾ ಅಪರಾಧ. ಜೋಡಿ ಬೇಕಿಲ್ಲ; ಇಲ್ಲಿ ಎಲ್ಲರೂ ಒಬ್ಬೊಬ್ಬರೇ ಕುಣಿಯುತ್ತಾರೆ, ಪಕ್ಕದವರಿಗೆ ತಾಗದಂತೆ ಎಡಕ್ಕೂ ಬಲಕ್ಕೂ ಜಾರುತ್ತ.

ಹಾಗಾದರೆ ನೀವು?

ತಿಂಗಳಿಗೆ ಇಪ್ಪತ್ತು ಪೌಂಡ್ ಮಾತ್ರ ಎತ್ತಿಡಬಲ್ಲಿರಿ ಎಂದುಕೊಳ್ಳೋಣ. ಒಂದು ತಿಂಗಳು ಸಂಕಲನ ಸಿಡಿ, ಇನ್ನೊಂದು ತಿಂಗಳು ಅಮೆರಿಕದಲ್ಲಿ ಹಿಟ್ ಆಗಿದ್ದ ಹಾಡಿನ ಒರಿಜಿನಲ್. ವರ್ಷದ ಕೊನೆಗೆ ಒಂದು ಪುಟ್ಟ ಪೆಟ್ಟಿಗೆ ತುಂಬುತ್ತದೆ, ಒಂದೂ ನಕಲಿಯಿರುವುದಿಲ್ಲ.

ಕೇಳುವುದೇ ಮುಖ್ಯವಾದರೆ ಮರುಮುದ್ರಣ, ಸಿಡಿ ಕೊಂಡು ಮಿಕ್ಕ ದುಡ್ಡನ್ನು ಪ್ಲೇಯರಿಗೆ ಹಾಕಿ. 60ರ ದಶಕದ 45ಗಳು ಬಹುತೇಕ ಮೊನೊ, ಎಂದರೆ ಸ್ಟೀರಿಯೋ ಅಲ್ಲದವು. ಸೂಜಿ ಕೂರುವ ಕಾರ್ಟ್ರಿಡ್ಜ್ ಕೂಡ ಮೊನೊ ಹಾಕಿದರೆ ಚಟಪಟ ಎಷ್ಟೋ ತಗ್ಗುತ್ತದೆ. ದೊಡ್ಡ ತೂತಿನ ಪ್ಲೇಟಿಗೆ ಅಡಾಪ್ಟರ್ ಮರೆಯಬೇಡಿ.

ಡಿಜೆ ಆಗಬೇಕೆಂದಿದ್ದರೆ ದಾರಿ ಒಂದೇ, ಒರಿಜಿನಲ್. ಹಾಗೆಂದು ಐನೂರು ಪೌಂಡನ್ನು ಒಂದು ಹೆಸರಾಂತ ಹಾಡಿಗೆ ಸುರಿಯಬೇಡಿ. ಅದು ಎಲ್ಲರ ಪೆಟ್ಟಿಗೆಯಲ್ಲೂ ಇದೆ. ಅದೇ ದುಡ್ಡಿನಲ್ಲಿ ಇಪ್ಪತ್ತೈದು ಚೆನ್ನಾದ, ಬೇರೆಯವರು ಹಾಕದ ಪ್ಲೇಟುಗಳಿದ್ದರೆ ಒಂದು ಗಂಟೆಯ ಸರದಿ ಸಲೀಸು. ಜನ ನಿಮ್ಮನ್ನು ಮತ್ತೆ ಕರೆಯುವುದು ನಿಮ್ಮ ಆಯ್ಕೆಗೆ.

ಹೂಡಿಕೆಯ ಲೆಕ್ಕ ಹಾಕುವವರಿಗೆ ನಾನು ಬೇಡವೆನ್ನುತ್ತೇನೆ. ಯಾವುದೋ ಗೋದಾಮಿನಲ್ಲಿ ಒಂದು ಪೆಟ್ಟಿಗೆ ತುಂಬ ಪ್ರತಿ ಸಿಕ್ಕರೆ ಬೆಲೆ ರಾತ್ರೋರಾತ್ರಿ ಕುಸಿಯುತ್ತದೆ. ವಿಗನ್ ಪೀಳಿಗೆಯವರಿಗೆ ವಯಸ್ಸಾಗುತ್ತಿದೆ, ಅವರ ಸಂಗ್ರಹಗಳು ಒಂದೊಂದಾಗಿ ಮಾರುಕಟ್ಟೆಗೆ ಬರಲಿವೆ. ಹೊಸ ಹುಡುಗರು ಕುಣಿಯಲು ಬರುತ್ತಿದ್ದಾರೆ ನಿಜ. ಆದರೆ ಅವರೆಲ್ಲ ಸಾವಿರ ಪೌಂಡ್ ಕೊಡುವವರಲ್ಲ.

ತರಿಸಿಕೊಳ್ಳುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಹೋಲಿಸಿ. ಅಮೆರಿಕದಿಂದ ಇಂಗ್ಲೆಂಡಿಗೆ ತರಿಸಿದರೆ 20 ಶೇಕಡಾ ವ್ಯಾಟ್ ಬೀಳುತ್ತದೆ. ಭಾರತಕ್ಕಾದರೆ ಕಸ್ಟಮ್ಸ್ ಸುಂಕ, ಅಂಚೆ ಎರಡೂ ಸೇರಿ ಅಗ್ಗದ ಪ್ಲೇಟಿನ ಬೆಲೆಯನ್ನೇ ಮೀರಬಹುದು, ಆದ್ದರಿಂದ ಒಂದೊಂದೇ ತರಿಸದೆ ಒಬ್ಬರೇ ಮಾರಾಟಗಾರರಿಂದ ಹತ್ತನ್ನು ಒಟ್ಟಿಗೆ ತರಿಸುವುದು ಲೇಸು. ಏಪ್ರಿಲ್, ಮೇ ತಿಂಗಳಲ್ಲಿ ಬೇಡ: ಬಿಸಿಲಲ್ಲಿ ನಿಂತ ಅಂಚೆ ವ್ಯಾನಿನಲ್ಲಿ ವಿನೈಲ್ ಬಾಗುತ್ತದೆ. ಸ್ಟೈರೀನ್ ಆದರೆ ಪೆಟ್ಟು ಬಿದ್ದಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ಎರಡೂ ಕಡೆ ಗಟ್ಟಿ ರಟ್ಟು ಇಟ್ಟು ಕಳಿಸಿ ಎಂದು ದುಡ್ಡು ಕಟ್ಟುವ ಮೊದಲೇ ಬರೆದು ಕೇಳಿ.